ಅವಳು ಆರಿಸಿದ್ದು

ಮಾರ್ಚ್ 9, ಭಾನುವಾರ

ಇಲಿಗಳಿಗೆ ಭಾನುವಾರವಿಲ್ಲ. ಬೆನ್ನುಹುರಿಗೆ ಪೆಟ್ಟಾದ ಇಲಿ ತಾನಾಗಿ ಉಚ್ಚೆ ಹೊಯ್ಯಲಾರದು. ಬೆಳಿಗ್ಗೆ, ಸಂಜೆ ಯಾರಾದರೂ ಹೊಟ್ಟೆಯನ್ನು ಮೆಲ್ಲಗೆ ಒತ್ತಬೇಕು. ವಿದ್ಯಾರ್ಥಿಗಳಿಗೆ ಮನೆ ಮಠ ಇದೆ. ವಿಭಾಗದ ಮುಖ್ಯಸ್ಥೆಯಾದ ನನಗೆ ಇಲಿಗಳಿವೆ.

ಲ್ಯಾಬಿನ ಇಡೀ ಮಹಡಿಯಲ್ಲಿ ಫ್ರಿಜ್ಜುಗಳ ಗುಂಯ್ ಸದ್ದೊಂದೇ. ಒಂದು ಇಲಿ ಕೈಗವಸು ಕಚ್ಚಿತು. ಬೈಯಲು ಮನಸ್ಸು ಬರಲಿಲ್ಲ — ಇವತ್ತು ನನ್ನನ್ನು ಮುಟ್ಟಿದ ಜೀವ ಅದೊಂದೇ.

ಮಾರ್ಚ್ 11, ಮಂಗಳವಾರ

ಪ್ರತಿ ಮಂಗಳವಾರದಂತೆ ಈಜು ಟೀಚರ್ ಬಂದಿದ್ದಳು. ಇಲಿಗಳಾದ ಮೇಲೆ ನಮ್ಮ ಪ್ರಯೋಗಕ್ಕೆ ಒಪ್ಪಿದ ಮೊದಲ ಮನುಷ್ಯ ಜೀವ. ಮಕ್ಕಳಿಗೆ ಈಜು ಕಲಿಸುತ್ತಿದ್ದವಳು ಕೊಳದ ಒದ್ದೆ ಅಂಚಿನಲ್ಲಿ ಜಾರಿ ಬೆನ್ನು ಮುರಿದುಕೊಂಡಳು. "ನೀರಿಗೆ ಬಿದ್ದಿದ್ರೆ ಏನೂ ಆಗ್ತಿರ್ಲಿಲ್ಲ. ನೆಲ ನಂಬಿ ಕೆಟ್ಟೆ ಮೇಡಂ."

ಎದೆಯಿಂದ ಕೆಳಗೆ ಅರಿವಿಲ್ಲ, ಚಲನೆಯಿಲ್ಲ. ಗಾಯದ ಕೆಳಗೆ, ಬೆನ್ನುಹುರಿಯ ಮೇಲೆ, ಕರೆಂಟು ಹರಿಸುವ ತೆಳು ಪಟ್ಟಿಯೊಂದನ್ನು ಕೂರಿಸಿದ್ದೇವೆ. ರಿಮೋಟ್ ನನ್ನ ಕೈಯಲ್ಲಿ. ಇವತ್ತೂ ಕಾಲು ಕದಲಲಿಲ್ಲ.

"ಮುನಿಸ್ಕೊಂಡಿದೆ, ಬಿಡಿ. ನಮ್ಮ ಯಜಮಾನ್ರೂ ಹೀಗೇ. ಮಾತಾಡಿಸ್ದೆ ಇದ್ರೆ ತಾವೇ ದಾರಿಗೆ ಬರ್ತಾರೆ."

ನಕ್ಕುಬಿಟ್ಟೆ. ವ್ಯಾಯಾಮ ಮಾಡಿಸುವ ಫಿಸಿಯೋ ಹುಬ್ಬೇರಿಸಿ ನನ್ನತ್ತ ನೋಡಿದ. ನಾನು ನಗುವುದನ್ನು ಅವನು ಕಂಡಿದ್ದಿಲ್ಲ.

ಏಪ್ರಿಲ್ 8

ನಿಂತಳು! ಸೊಂಟಕ್ಕೆ ಬೆಲ್ಟ್ ಇತ್ತು, ಸರಿ. ಎರಡೂ ಕೈ ಅಕ್ಕಪಕ್ಕದ ಆಸರೆ ಸರಳುಗಳ ಮೇಲಿದ್ದವು, ಅದೂ ಸರಿ. ಆದರೆ ಮಂಡಿ ಬಿಗಿಹಿಡಿದದ್ದು ಅವಳೇ. ಆಮೇಲೆ ಬಲಗಾಲು ಎತ್ತಿ ಮುಂದಿಟ್ಟಳು. ಫಿಸಿಯೋ ಗೋಡೆಗೆ ಮುಖ ಮಾಡಿ ಅತ್ತ. ಅವಳಿಗೆ ಅಳುವಿಲ್ಲ, ಏನೂ ಇಲ್ಲ.

"ಅಯ್ಯೋ, ನೀವು ನನಗಿಂತ ಕುಳ್ಳಿ ಮೇಡಂ! ಇಷ್ಟು ದಿನ ಗೊತ್ತೇ ಆಗ್ಲಿಲ್ಲ ನೋಡಿ."

ಮನೆಗೆ ಬಂದು ತಂಗಿಗೆ ಫೋನ್ ಮಾಡಿದೆ.

"ಏನಕ್ಕ, ಈ ಹೊತ್ತಲ್ಲಿ? ಹುಷಾರಾಗಿದ್ದೀಯ ತಾನೇ?"

"ನಿಂತಳು ಕಣೇ."

"ಯಾರು?"

ಹೇಳಿದೆ. "ಒಳ್ಳೇದಾಯ್ತು ಬಿಡು. ಒಂದ್ನಿಮಿಷ, ಒಲೆ ಮೇಲೆ ಹಾಲಿದೆ..."

ಆ ನಿಮಿಷ ಮುಗಿಯಲೇ ಇಲ್ಲ. ನಾನೇ ಇಟ್ಟೆ.

ಮೇ 20

ಬರೆಯಲು ಪುರುಸೊತ್ತಿರಲಿಲ್ಲ. ಎಂಥ ಸುಖ ಅದು! ಈಗ ಸರಳಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಾಳೆ. ಕುಲಪತಿಗಳು ಬಂದು ಫೋಟೋ ತೆಗೆಸಿಕೊಂಡರು. ನಿವೃತ್ತಿ ಹತ್ತಿರ ಬಂತು. ಒಂದು ಆಯಸ್ಸು ಸವೆಸಿದ್ದಕ್ಕೆ ಇಷ್ಟಾದರೂ ಸಿಕ್ಕಿತು ಅನ್ನಿಸುತ್ತಿದೆ.

ಜೂನ್ 17

ಬಂದಾಗಲೇ ಮುಖ ಬಿಳಿಚಿತ್ತು. ಆ ತುದಿ ಮುಟ್ಟಿದಳು. ಯಾರೂ ಹೇಳದಿದ್ದರೂ ಮತ್ತೊಮ್ಮೆ ನಡೆದಳು. ಕೂತ ಮೇಲೆ ಫಿಸಿಯೋನನ್ನು ಹೊರಗೆ ಕಳಿಸಿದಳು.

"ಎರಡು ತಿಂಗಳಾಯ್ತು."

"ಏನು ಎರಡು ತಿಂಗಳು?"

ಹೊಟ್ಟೆಯ ಮೇಲೆ ಕೈಯಿಟ್ಟಳು. ಆಗ ಹೊಳೆಯಿತು.

"ನಿನ್ನೆನೇ ಗೊತ್ತಾಯ್ತು. ಮೊದ್ಲೇ ಹೇಳಿದ್ರೆ ನಿಲ್ಲಿಸ್ಬಿಡ್ತೀರ ಅಂತ... ಇನ್ನೊಂದ್ಸಲ ನಡೀಬೇಕು ಅನ್ನಿಸ್ತು."

ನಿಲ್ಲಿಸಲೇಬೇಕು. ಈ ಕರೆಂಟು ಹೊಟ್ಟೆಯೊಳಗಿನ ಕೂಸಿಗೆ ಏನು ಮಾಡುತ್ತದೋ ಯಾರಿಗೂ ಗೊತ್ತಿಲ್ಲ. ಗರ್ಭಿಣಿಯರು ಪ್ರಯೋಗದಿಂದ ಹೊರಗೆ — ನಿಯಮ ಬರೆದವಳೇ ನಾನು. ಒಳ್ಳೆಯ ಮಾತು ಹೇಳಬೇಕಿತ್ತು. ಬಾಯಿಗೆ ಬಂದದ್ದು, "ಯೋಚನೆ ಮಾಡಿದ್ದೀಯಾ?"

"ಮಾಡ್ದೆ ಇರ್ತೀನಾ? ರಾತ್ರಿಯೆಲ್ಲ ಅದೇ. ಕಾಲೂ ಬೇಕು, ಇದೂ ಬೇಕು. ಎರಡೂ ಕೊಡೋರು ಯಾರಿದ್ದಾರೆ?" ಕಣ್ಣೊರೆಸಿಕೊಂಡಳು. "ಆರಿಸಿಬಿಡಿ ಅಕ್ಕ."

ಅಕ್ಕ ಅಂದದ್ದು ಇದೇ ಮೊದಲು.

ರಿಮೋಟಿನ ಗುಂಡಿ ಒತ್ತಿದೆ. ಹಸಿರು ದೀಪ ಹೋಯಿತು. ಅವಳ ತೊಡೆ ಕಣ್ಣೆದುರೇ ಸಡಿಲಾಯಿತು.

ಜೂನ್ 24

ಮಂಗಳವಾರ. ಯಾರೂ ಬರುವುದಿಲ್ಲ.

ಸೆಪ್ಟೆಂಬರ್ 8

ವಿಜ್ಞಾನ ಪತ್ರಿಕೆಯವರು ನಮ್ಮ ಪ್ರಬಂಧ ವಾಪಸ್ ಕಳಿಸಿದರು. ಒಬ್ಬಳೇ ಒಬ್ಬಳು, ಅವಳೂ ಅರ್ಧಕ್ಕೇ ಬಿಟ್ಟವಳು — ಸಾಲದಂತೆ. ಅವರದೇನೂ ತಪ್ಪಿಲ್ಲ. ಹೊಸಬರು ಯಾರೂ ಒಪ್ಪುತ್ತಿಲ್ಲ. ಸರಳುಗಳ ಮೇಲೆ ಯಾರೋ ಏಪ್ರನ್ ಒಣಹಾಕಿದ್ದಾರೆ. ತೆಗೆಯಿರಿ ಅನ್ನಲಿಲ್ಲ.

ಅವಳಿಗೆ ಫೋನ್ ಮಾಡಲು ಕೈ ಹೋಗುತ್ತದೆ. ಏನಾಗಿ ಮಾಡಲಿ? ಪ್ರಯೋಗ ಮುಗಿಯಿತಲ್ಲ.

ಜನವರಿ 7

ಮಧ್ಯಾಹ್ನ ಅವಳ ಯಜಮಾನರ ಫೋನ್. "ಮೇಡಂ, ಆಸ್ಪತ್ರೇಲಿದ್ದೀವಿ. ತಲೆ ಸಿಡೀತಿದೆ ಅಂತಾಳೆ, ಮುಖ ಕೆಂಡ ಆಗಿದೆ. ಹೆರಿಗೆ ನೋವೇ ಶುರುವಾಗಿಲ್ಲ, ಮಲಗ್ಲಿ ಅಂತಾರೆ ಇಲ್ಲಿಯ ನರ್ಸುಗಳು."

ನೋವು ಶುರುವಾಗಿರುತ್ತದೆ. ಅವಳಿಗೆ ತಿಳಿಯುವುದಿಲ್ಲ, ಅಷ್ಟೇ. ಅಂಥ ಮೈಯಲ್ಲಿ ಹೆರಿಗೆ ನೋವು ರಕ್ತದೊತ್ತಡವಾಗಿ ತಲೆಗೇರುತ್ತದೆ. ಜೀವಕ್ಕೇ ಎರವಾಗಬಹುದು.

"ಮಲಗಿಸ್ಬೇಡಿ! ಎತ್ತಿ ಕೂರಿಸಿ! ಫೋನ್ ಡಾಕ್ಟರಿಗೆ ಕೊಡಿ!"

ಕಾರಿಡಾರಿನಲ್ಲೇ ಕಿರುಚಿದೆನಂತೆ. ಆಮೇಲೆ ವಿದ್ಯಾರ್ಥಿಗಳು ಹೇಳಿದರು.

ಹೆರಿಗೆ ಡಾಕ್ಟರು ಜಾಣೆ. ಎರಡೇ ಮಾತಿಗೆ ಹಿಡಿದುಕೊಂಡಳು. ನಾನು ತಲುಪುವಷ್ಟರಲ್ಲಿ ಒತ್ತಡ ಇಳಿಸಿ ಆಪರೇಷನ್‌ಗೆ ಒಯ್ದಿದ್ದರು. ಹೆಣ್ಣು ಮಗು. ಇಬ್ಬರೂ ಕ್ಷೇಮ.

ಅವಳ ಅಮ್ಮ, ಅತ್ತೆ, ಚಿಕ್ಕಮ್ಮಂದಿರು, ಬಳಗವೆಲ್ಲ ಬಂದಿತ್ತು. ಬಾಗಿಲ ಬಳಿ ನಿಂತಿದ್ದೆ. ಯಾರೋ ಕೇಳಿದರು, "ನೀವು ಇವಳಿಗೆ ಏನಾಗ್ಬೇಕು?"

"ಡಾಕ್ಟರ್" ಅಂದೆ. ಬಸ್ಸು ಹಿಡಿದು ಮನೆಗೆ ಬಂದೆ.

ಮಾರ್ಚ್ 12

ಈಜು ಟೀಚರ್ ಫೋನ್ ಮಾಡಿದಳು. "ಅಕ್ಕ, ಭಾನುವಾರ ಬರ್ತೀವಿ. ಲ್ಯಾಬಿಗಲ್ಲ, ಮನೆಗೆ. ಮಗಳು ನಿಮ್ಮನ್ನ ನೋಡೇ ಇಲ್ವಲ್ಲ."

ಮತ್ತೆ ಕರೆಂಟು ಹರಿಸುವ ಮಾತು ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಫೋನಿಟ್ಟು ಬಾಗಿಲು ತೆರೆದು ನೋಡಿದೆ. ನಾಲ್ಕು ಮೆಟ್ಟಿಲು, ಕಡಿದಾದವು. ಬೆನ್ನುಹುರಿಯನ್ನೇ ಉಂಡು ಉಟ್ಟು ಹೊದ್ದವಳು ನಾನು. ನನ್ನ ಮನೆಗೆ ಗಾಲಿಕುರ್ಚಿ ಹತ್ತಲಾರದು ಅನ್ನುವುದು ಇಷ್ಟು ವರ್ಷ ಹೊಳೆದಿಲ್ಲ. ಹೊಳೆಯುವುದಾದರೂ ಹೇಗೆ? ಗಾಲಿಕುರ್ಚಿ ಇರಲಿ, ಕಾಲಿದ್ದವರೂ ಬಂದಿಲ್ಲ.

ಬಡಗಿಯನ್ನು ಕರೆಸಿದೆ. ಅಳತೆ ಹಿಡಿದ.

"ಇಳಿಜಾರು ಹಲಗೆ ಯಾರಿಗಮ್ಮ?"

"ತಂಗಿಗೆ."

ಮಾರ್ಚ್ 15, ಭಾನುವಾರ

ಹಲಗೆ ಇಟ್ಟಾಯಿತು. ಮೇಲೆ ನಿಂತು ಕುಣಿದು ನೋಡಿದೆ. ಎದುರು ಮನೆಯ ನಾಯಿ ಬೊಗಳಿತು. ಗಟ್ಟಿಯಾಗಿದೆ.

ಮಗುವಿಗೆ ಏನು ಕೊಡುವುದು? ಒಡಹುಟ್ಟಿದ ತಂಗಿಗೆ ಫೋನ್ ಮಾಡಿ ಕೇಳಿದೆ. "ಮೊದ್ಲು ಎತ್ಕೋ ಅಕ್ಕ, ಸಾಕು." ಎತ್ತಿಕೊಳ್ಳುವುದು... ಕತ್ತಿನ ಕೆಳಗೆ ಕೈ ಕೊಡಬೇಕು, ಅಷ್ಟು ಗೊತ್ತು. ಮಿಕ್ಕದ್ದು ತಿಳಿಯದು.

ಕಾರು ನಿಂತ ಸದ್ದು. ಬೀದಿಗೆಲ್ಲ ಕೇಳುವಂತೆ ಅವಳ ದನಿ: "ಅಕ್ಕಾ, ಬನ್ನಿ, ಇವಳನ್ನ ಹಿಡ್ಕೊಳ್ಳಿ..."

ಅಯ್ಯೋ, ಕೈಗೆಲ್ಲ ಶಾಯಿ. ತೊಳೆದು —