ಎಲ್ಲರ ಕಾಲಿಗೂ ಒಂದೇ ಸೀಟು

ನದಿ ದಂಡೆಯ ಹಾದಿಯನ್ನು ನೋಡಿಕೊಳ್ಳುವ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಸೈಕಲ್ ಹಾದಿಗೆ ಯಾರೂ ಸೈಕಲ್ ತರಬಾರದು ಎಂದು ನೀವು ಹಾಕಿಸಿರುವ ಬೋರ್ಡನ್ನು ನಾನು ಮೂರು ಸಲ ಓದಿದೆ. ಮೊದಲನೆಯ ಸಲ ಕನ್ನಡಕ ಇಲ್ಲದೆ, ಎರಡನೆಯ ಸಲ ಕನ್ನಡಕ ಹಾಕಿಕೊಂಡು, ಮೂರನೆಯ ಸಲ ಕನ್ನಡಕ ಒರೆಸಿಕೊಂಡು. ಅಕ್ಷರ ಬದಲಾಗಲಿಲ್ಲ. ‘ಹೊರಗಿನ ಸೈಕಲ್‌ಗಳಿಗೆ ಪ್ರವೇಶವಿಲ್ಲ. ಕಚೇರಿಯ ಸೈಕಲ್‌ಗಳನ್ನೇ ಬಾಡಿಗೆಗೆ ಪಡೆಯತಕ್ಕದ್ದು.’ ಈ ಹಾದಿ ಕೆಸರಾಗಿದ್ದಾಗ, ಮುಳ್ಳು ಬೆಳೆದಿದ್ದಾಗ, ಎಮ್ಮೆಗಳ ಜೊತೆ ಜಾಗ ಹಂಚಿಕೊಂಡು ನಾವು ಇದರ ಮೇಲೆ ಸೈಕಲ್ ತುಳಿದೆವು. ಆಗ ಯಾವ ಬೋರ್ಡೂ ಇರಲಿಲ್ಲ. ನೀವು ಬಂದು ನುಣ್ಣಗೆ ಮಾಡಿಸಿದಿರಿ. ‘ಯಾವ ತಾಯಿ ಹೆತ್ತ ಮಗನೋ, ಅವಳ ಹೊಟ್ಟೆ ತಣ್ಣಗಿರಲಿ’ ಎಂದು ನಿಮ್ಮ ತಾಯಿಯನ್ನು ನಾನು ಪ್ರಾರ್ಥನೆಯಲ್ಲಿ ನೆನೆದಿದ್ದೇನೆ. ಆ ಪ್ರಾರ್ಥನೆಯನ್ನು ಹಿಂದಕ್ಕೆ ಪಡೆಯುವುದಿಲ್ಲ, ಪಾಪ ಅವರೇನು ಮಾಡಿದರು? ಆದರೆ ಹಾದಿ ಕೆಟ್ಟಿದ್ದಷ್ಟು ದಿನ ನಮ್ಮದಾಗಿದ್ದು, ಚೆನ್ನಾದ ಮರುದಿನವೇ ನಿಮ್ಮದಾದದ್ದು ಹೇಗೆ ಎಂಬುದು ಮಾತ್ರ ನನಗೆ ತಿಳಿಯುತ್ತಿಲ್ಲ.

ನಾನು ಯಾರೆಂದು ಹೇಳಿಬಿಡುತ್ತೇನೆ. ನಾನೂ ನನ್ನ ನಾದಿನಿಯೂ ಸೇರಿ ಒಂದು ಲಾಂಡ್ರಿ ಅಂಗಡಿ ನಡೆಸುತ್ತೇವೆ. ನಾನು ಇಸ್ತ್ರಿ ಹಾಕುತ್ತೇನೆ, ಅವಳು ಮನೆಮನೆಗೆ ಸೈಕಲ್ ಮೇಲೆ ಬಟ್ಟೆ ತಲುಪಿಸುತ್ತಾಳೆ. ನನ್ನ ಯಜಮಾನರು, ಎಂದರೆ ಅವಳ ಅಣ್ಣ, ಪಕ್ಕದ ಮಳಿಗೆಯಲ್ಲಿ ಮರಗೆಲಸ ಮಾಡುತ್ತಾರೆ. ನನಗೆ ಐವತ್ತು ತುಂಬಿದೆ. ವರ್ಷಕ್ಕೆ ನಾಲ್ಕಾರು ಸಲ ಅಂಗಡಿಗೆ ಬಾಗಿಲು ಹಾಕಿ, ಕ್ಯಾರಿಯರ್‌ನ ಎರಡೂ ಬದಿಗೆ ಚೀಲ ತೂಗುಬಿಟ್ಟು, ನಾವಿಬ್ಬರೂ ಸೈಕಲ್ ಮೇಲೆ ದೂರ ಹೊರಡುತ್ತೇವೆ. ಎರಡು ದಿನ, ಮೂರು ದಿನ. ದಾರಿಯಲ್ಲಿ ದೇವರ ಮನೆ ಸಿಕ್ಕಲ್ಲಿ ಕೈ ಮುಗಿಯುತ್ತೇವೆ, ನೆರಳು ಸಿಕ್ಕಲ್ಲಿ ಬುತ್ತಿ ಬಿಚ್ಚುತ್ತೇವೆ. ಪೆಡಲ್ ಒಂದು ಸುತ್ತು ಬಂದರೆ ಬಾಯಲ್ಲಿ ದೇವರ ಹೆಸರು ಒಂದು ಸಲ, ಅದು ನನ್ನ ಲೆಕ್ಕ. ಏರು ಬಂದಾಗ ಹೆಸರು ಸ್ವಲ್ಪ ಜೋರಾಗುತ್ತದೆ. “ಈ ವಯಸ್ಸಲ್ಲಿ ಸೈಕಲ್ಲಾ?” ಎಂದು ಕೇಳುವವರಿಗೆ ನನ್ನ ನಾದಿನಿಯ ಉತ್ತರ ಸಿದ್ಧವಾಗಿರುತ್ತದೆ: “ವಯಸ್ಸಾಗಿರೋದು ಅತ್ತಿಗೆಗೆ, ಸೈಕಲ್ಲು ಹೊಸದು.”

ಈ ನಾದಿನಿಯ ಕಾಲಿನ ವಿಷಯವನ್ನು ಈಗ ನಿಮಗೆ ಹೇಳಬೇಕು. ಚಿಕ್ಕವಳಿದ್ದಾಗ ಗೋಡೆ ಕುಸಿದು ಅವಳ ಎಡತೊಡೆಯ ಮೂಳೆ ಮುರಿಯಿತು. ಮೂಳೆ ಕೂಡಿತು, ಆದರೆ ಎರಡು ಬೆರಳಷ್ಟು ಗಿಡ್ಡವಾಗಿ ಕೂಡಿತು. ನೆಲದ ಮೇಲೆ ನಡೆದರೆ ಅವಳು ಕುಂಟುತ್ತಾಳೆ. ಸೈಕಲ್ ಮೇಲೆ ಕುಂಟುವುದಿಲ್ಲ. ಅವಳ ಅಣ್ಣ ಗಟ್ಟಿ ಮರದ ತುಂಡೊಂದನ್ನು ಕೊಯ್ದು ಎಡ ಪೆಡಲಿಗೆ ಬೋಲ್ಟ್ ಹಾಕಿ ಕೂರಿಸಿದರು, ಪಾದ ಜಾರದಂತೆ ಚರ್ಮದ ಪಟ್ಟಿ ಹೊಡೆದರು. ಮೊದಲ ತುಂಡು ದಪ್ಪವಾಗಿ ಸೊಂಟ ಹಿಡಿದುಕೊಂಡಿತು. ಕೆತ್ತಿದರು. ಇನ್ನೊಂದು ಸಲ ತೆಳುವಾಗಿ ಮೊಣಕಾಲು ಉರಿಯಿತು. ಬೇರೆ ತುಂಡು ತಂದರು. ಸೀಟನ್ನು ಏರಿಸುವುದು, ಇಳಿಸುವುದು, ಅವಳು ಬೀದಿಯ ಕೊನೆಯ ತನಕ ಹೋಗಿ ಬಂದು ಮುಖ ಕಿವಿಚುವುದು, ಅವರು ಬೋಲ್ಟ್ ಸಡಿಲಿಸಲು ಮತ್ತೆ ಪಾನಾ ಹಿಡಿಯುವುದು. ಸೀಟು ಒಂದು ಬೆರಳು ತಗ್ಗಿದರೆ ಮಂಡಿ ಬೈಯುತ್ತದೆ, ಒಂದು ಬೆರಳು ಏರಿದರೆ ಸೊಂಟ ಬೈಯುತ್ತದೆ. ದೂರ ತುಳಿಯುವವರಿಗೆಲ್ಲ ಇದು ಗೊತ್ತು. ಕೊನೆಗೆ ಒಂದು ದಿನ ಅವಳು ಬೀದಿಯ ಕೊನೆಗೆ ಹೋದವಳು ಬರಲೇ ಇಲ್ಲ. ನಾವು ಗಾಬರಿಯಾಗಿ ಹುಡುಕಿದರೆ, ಊರು ಸುತ್ತಿ ಇನ್ನೊಂದು ಕಡೆಯಿಂದ ಬಂದಳು. ಅವತ್ತಿನಿಂದ ಬೀದಿಯ ಮಕ್ಕಳು ಅವಳನ್ನು ಕರೆಯುವುದು ‘ಗಾಳಿ ಚಿಕ್ಕಮ್ಮ’ ಎಂದು. ಅದಕ್ಕೆ ಮುಂಚೆ ಬೇರೆ ಹೆಸರಿತ್ತು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ, ಮುಂದೆ ತಾನಾಗಿ ಬರುತ್ತದೆ.

ನಮ್ಮ ಈ ಗಾಳಿ ಇನ್ನೂ ಸಮುದ್ರ ನೋಡಿಲ್ಲ. ನಮ್ಮ ನದಿ ಸಮುದ್ರ ಸೇರುವ ಜಾಗಕ್ಕೆ ದಂಡೆ ಹಿಡಿದೇ ಹೋಗಬೇಕು, ಸೈಕಲ್ ಮೇಲೇ ಹೋಗಬೇಕು, ಅಲ್ಲಿ ನಿಂತು ದೇವರಿಗೆ ಕೈ ಮುಗಿಯಬೇಕು ಎಂಬುದು ಅವಳ ಆಸೆ. ಈ ವರ್ಷ ಹೊರಟೆವು. ನಿಮ್ಮ ಗೇಟಿನ ಹತ್ತಿರ ನಡೆದ ಮಾತನ್ನು ಇದ್ದಂತೆಯೇ ಬರೆಯುತ್ತೇನೆ.

“ಅಮ್ಮ, ಇಳೀರಿ. ಸೈಕಲ್ ಒಳಗೆ ಬಿಡಲ್ಲ,” ಎಂದ ನಿಮ್ಮ ಕಾವಲುಗಾರ.

“ಇದು ಸೈಕಲ್ ಹಾದಿ ಅಲ್ವೇನಪ್ಪ?”

“ಹೌದು. ಅದಕ್ಕೇ.”

ಅಷ್ಟರಲ್ಲಿ ಒಳಗಿನಿಂದ ಹಾದಿಯ ಅಗಲವನ್ನೆಲ್ಲ ತುಂಬಿಕೊಂಡು ನಿಮ್ಮ ಕಚೇರಿಯ ಜೀಪು ಬಂತು. ಕಾವಲುಗಾರ ಸಲಾಮು ಹೊಡೆದು ಗೇಟು ತೆಗೆದ.

“ಅದನ್ನ ಹೇಗೆ ಬಿಟ್ಟೆ?”

“ಅದು ಸೈಕಲ್ ಅಲ್ವಲ್ಲಮ್ಮ. ಅದಕ್ಕೆ ರೂಲ್ ಇಲ್ಲ.”

ಅವನನ್ನು ದೂರುತ್ತಿಲ್ಲ, ಒಳ್ಳೆಯವನು. ನಮ್ಮ ಚೀಲ ನೋಡಿ ಅವನಿಗೇ ಮರುಕ ಬಂತು. ಸಾಮಾನು ಸಾಗಿಸುವ ಗಾಡಿ ಮಧ್ಯಾಹ್ನ ಆ ಕೊನೆಯ ಗೇಟಿಗೆ ಹೋಗುತ್ತದೆ, ನಿಮ್ಮ ಸೈಕಲ್‌ಗಳನ್ನು ಅದರಲ್ಲಿ ಹಾಕಿ ಕಳಿಸುತ್ತೇನೆ, ನೀವು ಕಚೇರಿಯ ಸೈಕಲ್ ತುಳಿದುಕೊಂಡು ಆ ಕಡೆ ಹೋಗಿ ಎಂದ. ಎಷ್ಟು ಸೊಗಸಾದ ವ್ಯವಸ್ಥೆ ನೋಡಿ! ನಮ್ಮ ಸೈಕಲ್ ಗಾಡಿಯಲ್ಲಿ ಕೂತು ಹೋಗಬಹುದು, ಹಾದಿಯ ಮೇಲೆ ಉರುಳಿಕೊಂಡು ಹೋಗುವಂತಿಲ್ಲ. ನಾನು ಜಗಳಕ್ಕೆ ಸೆರಗು ಸಿಕ್ಕಿಸುತ್ತಿದ್ದೆ. ಗಾಳಿಯೇ ತಡೆದಳು. “ಬಿಡಿ ಅತ್ತಿಗೆ, ಸಮುದ್ರ ಕಾಯ್ತಾ ಇದೆ. ಕೊಡಣ್ಣ, ನಿನ್ನ ಕುದುರೆ ಯಾವುದು?”

ನಿಮ್ಮ ಕುದುರೆಗಳು ಸಾಲಾಗಿ ನಿಂತಿದ್ದವು. ಎಲ್ಲಕ್ಕೂ ಒಂದೇ ಬಣ್ಣ, ಎಲ್ಲಕ್ಕೂ ಒಂದೇ ಎತ್ತರ. ಸೀಟು ಇಳಿಸಲು ಹೋದರೆ ಅಲುಗಲಿಲ್ಲ. ಬಗ್ಗಿ ನೋಡಿದೆ. ವೆಲ್ಡ್ ಮಾಡಿಸಿದ್ದೀರಿ.

ಗಾಳಿ ಹತ್ತಿದಳು. ಬಲಗಾಲಿನ ಹೆಬ್ಬೆರಳು ಪೆಡಲ್ ಮುಟ್ಟಿತು, ಎಡಗಾಲು ಗಾಳಿಯಲ್ಲಿ ನೇತಾಡಿತು. “ನನ್ನ ಮರದ ತುಂಡು ಬಿಚ್ಚಿ ಇದಕ್ಕೆ ಹಾಕಿಕೊಳ್ತೀನಣ್ಣ” ಎಂದಳು. ಕಚೇರಿಯ ಆಸ್ತಿಗೆ ಏನನ್ನೂ ಜೋಡಿಸುವಂತಿಲ್ಲವಂತೆ. ಆದರೂ ತುಳಿದಳು. ಹೆಚ್ಚು ದೂರ ಹೋಗಲಿಲ್ಲ, ವಾಲಿ ಬಿದ್ದಳು. ನಾನು ಓಡಿದೆ. ಅವಳು ಮಣ್ಣು ಕೊಡವಿಕೊಳ್ಳುತ್ತ ನಗುತ್ತಿದ್ದಳು. “ಏನಾಗಿಲ್ಲ ಅತ್ತಿಗೆ. ಕಾಲಿಗೆ ಸಿಗದ ನೆಲ ಸೊಂಟಕ್ಕೆ ಸಿಕ್ತು.” ಆಗ ಬಾಡಿಗೆಯ ಸಾಲಿನಲ್ಲಿ ನಿಂತಿದ್ದವರ ಪೈಕಿ ಯಾರೋ, ದನಿಯಲ್ಲಿ ಕರುಣೆ ತುಂಬಿಕೊಂಡೇ, ಅಂದರು: “ಪಾಪ, ಕುಂಟಿ. ಇಂಥವರಿಗೆಲ್ಲ ಯಾಕೆ ಸೈಕಲ್ಲು?”

ನಗು ಅಲ್ಲಿಗೆ ನಿಂತಿತು.

ನಮ್ಮ ಸೈಕಲ್ ವಾಪಸ್ ತೆಗೆದುಕೊಂಡು ದೊಡ್ಡ ರಸ್ತೆಯಲ್ಲಿ ಹೋಗೋಣ ಎಂದು ನಾನೇ ಹಟ ಹಿಡಿದೆ. ನಿಮ್ಮ ಜೀಪಿನ ಗಾಜು ಏರಿಸಿಕೊಂಡು ನೀವು ಹೋಗುವ ರಸ್ತೆ ಅದು, ಗೊತ್ತಿರಬಹುದು. ಬದಿಯಲ್ಲಿ ಒಂದು ಗೇಣು ಜಾಗವಿಲ್ಲ. ಲಾರಿ ಪಕ್ಕದಲ್ಲಿ ಹಾದರೆ ಅದರ ರಭಸ ನಮ್ಮನ್ನು ಮೊದಲು ಒಳಕ್ಕೆ ಎಳೆಯುತ್ತದೆ, ಆಮೇಲೆ ಹೊರಕ್ಕೆ ತಳ್ಳುತ್ತದೆ. ಎರಡೂ ಬದಿಗೆ ಚೀಲ ಕಟ್ಟಿದ ಸೈಕಲ್ ಹಾಯಿ ಕಟ್ಟಿದ ದೋಣಿಯಾಗುತ್ತದೆ. ನಾನಾದರೆ ತಟಕ್ಕನೆ ಕಾಲು ಊರಬಲ್ಲೆ. ಅವಳ ಎಡಪಾದ ಪಟ್ಟಿಯೊಳಗೆ ಇರುತ್ತದೆ, ಬಿಡಿಸಿಕೊಳ್ಳುವಷ್ಟು ಹೊತ್ತನ್ನು ಲಾರಿಯವರು ಕೊಡುವುದಿಲ್ಲ. ಎರಡನೆಯ ಲಾರಿಗೆ ಅವಳು ಚರಂಡಿಯ ಅಂಚಿಗೆ ಬಂದಿದ್ದಳು. ಇಳಿದಳು. ಸೈಕಲ್ ತಳ್ಳಿಕೊಂಡು ಮನೆಯ ಕಡೆ ತಿರುಗಿದಳು. ಅಷ್ಟೂ ದೂರ ಕುಂಟಿಕೊಂಡು ನಡೆದಳು, ಊರಿನವರೆಲ್ಲ ನೋಡುವ ಹಾಗೆ. ನಾನು ಹಿಂದೆ ನಡೆದೆ. ಸುತ್ತಿಗೊಂದು ಹೆಸರು ಹೇಳುವವಳು ನಾನು, ಚಕ್ರವೇ ತಿರುಗದಿದ್ದರೆ ಏನು ಹೇಳಲಿ?

“ಸಮುದ್ರ ಎಲ್ಲೂ ಓಡಿಹೋಗಲ್ಲ ಬಿಡಿ ಅತ್ತಿಗೆ” ಎಂದಳು, ಮನೆ ಹತ್ತಿರ ಬಂದಾಗ.

ಅದಾದ ವಾರಕ್ಕೆ ನಾನು ಇಸ್ತ್ರಿ ಹಾಕುತ್ತಿದ್ದಾಗ ಒಂದು ವಿಚಿತ್ರ ಗಮನಕ್ಕೆ ಬಂತು. ನಮ್ಮ ಇಸ್ತ್ರಿ ಮೇಜಿನ ಒಂದು ಕಾಲು ಗಿಡ್ಡ, ವರ್ಷಗಳಿಂದ ಅಲ್ಲಾಡುತ್ತಿತ್ತು. ಅವತ್ತು ಅಲ್ಲಾಡಲಿಲ್ಲ. ಬಗ್ಗಿ ನೋಡಿದರೆ ಗಿಡ್ಡ ಕಾಲಿನ ಕೆಳಗೆ ಅವಳ ಮರದ ತುಂಡು. ಬೋಲ್ಟಿನ ತೂತುಗಳ ಸಮೇತ. ಅವಳು ಪೆಡಲಿನಿಂದ ಬಿಚ್ಚಿ ತಾನೇ ಇಟ್ಟಿದ್ದಳು. ಈಗ ಬಟ್ಟೆ ತಲುಪಿಸಲು ಗಂಟು ಹೊತ್ತು ನಡೆದುಹೋಗುತ್ತಾಳೆ. ಕೇಳಿದರೆ, “ಮೇಜಾದರೂ ನೆಟ್ಟಗೆ ನಿಲ್ಲಲಿ” ಎಂದಳು.

ಆಮೇಲೆಯೇ ನಾನು ನಿಮ್ಮ ಕಚೇರಿಗೆ ಬಂದದ್ದು. ನೀವು ಇರಲಿಲ್ಲ, ಹಾದಿಯ ಪರಿಶೀಲನೆಗೆ ಜೀಪಿನಲ್ಲಿ ಹೋಗಿದ್ದಿರಂತೆ. ನಿಮ್ಮ ಗುಮಾಸ್ತರು ಕುರ್ಚಿ ಕೊಟ್ಟರು, ನೀರು ಕೊಟ್ಟರು, ವಿವರಣೆಯನ್ನೂ ಕೊಟ್ಟರು.

“ಉದ್ಘಾಟನೆಗೆ ಮುಂಚೇನೇ ಕಳ್ಳರು ಸೀಟು ಬಿಚ್ಕೊಂಡು ಹೋಗ್ತಿದ್ರಮ್ಮ. ಅದಕ್ಕೇ ವೆಲ್ಡ್ ಮಾಡಿಸಿದ್ವಿ.”

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರ ಕತೆ ಕೇಳಿದ್ದೆ, ಅಂಥವರ ಕಚೇರಿಯಲ್ಲಿ ನೀರು ಕುಡಿದದ್ದು ಅದೇ ಮೊದಲು.

“ಸರಿ ಸ್ವಾಮಿ, ಈ ಎತ್ತರವೇ ಯಾಕೆ?”

“ಅದು ಬಾಯಿಗೆ ಬಂದ ಎತ್ತರ ಅಲ್ಲಮ್ಮ. ಇಡೀ ಸಿಬ್ಬಂದಿಯನ್ನ ನಿಲ್ಲಿಸಿ, ಅಳೆದು, ಸರಾಸರಿ ತೆಗೆದಿದೀವಿ.”

“ಬೂಟು ಬಿಚ್ಚಿಸಿ ಅಳೆದ್ರಾ, ಹಾಕ್ಕೊಂಡೇ ಅಳೆದ್ರಾ?”

ಅವರು ತಲೆ ಕೆರೆದುಕೊಂಡರು. “ಆಫೀಸಲ್ಲಿ ಬೂಟು ಬಿಚ್ಚೋಕಾಗುತ್ತಾ?”

“ಹೋಗಲಿ, ಆ ಸೀಟಿಗೆ ಸರಿಯಾಗಿ ಕೂರೋ ಎತ್ತರದವರು ಇಲ್ಲಿ ಯಾರಿದಾರೆ? ಕರೀರಿ, ಒಂದ್ಸಲ ನೋಡ್ಕೊಂಡು ಹೋಗ್ತೀನಿ.”

ಅವರು ಒಳಗೆ ಹೋಗಿ ವಿಚಾರಿಸಿ ಬಂದರು. “ಒಬ್ರಿದ್ರಮ್ಮ. ರಿಟೈರ್ ಆದ್ರು.”

ಮಾನ್ಯರೇ, ನಾನು ಹಳ್ಳಿ ಶಾಲೆಯಲ್ಲಿ ಓದಿದವಳು, ಸರಾಸರಿ ಲೆಕ್ಕ ನನಗೂ ಕಲಿಸಿದ್ದಾರೆ. ನಮ್ಮ ಅಂಗಡಿಗೆ ಶರ್ಟು ಬರುತ್ತದೆ, ಪ್ಯಾಂಟೂ ಬರುತ್ತದೆ. ಶರ್ಟಿಗೆ ಎರಡು ತೋಳು, ಪ್ಯಾಂಟಿಗೆ ತೋಳಿಲ್ಲ. ಸರಾಸರಿ ಒಂದು ತೋಳು. ಹಾಗೆಂದು ನಿಮ್ಮ ಶರ್ಟಿನ ಒಂದು ತೋಳು ಕತ್ತರಿಸಿ ನಿಮ್ಮ ಪ್ಯಾಂಟಿಗೆ ಹೊಲಿದು, ಗರಿಗರಿಯಾಗಿ ಇಸ್ತ್ರಿ ಹಾಕಿ ಕಳಿಸಿದರೆ ನೀವು ಸುಮ್ಮನಿರುತ್ತೀರಾ? ದೇವರು ಒಬ್ಬೊಬ್ಬರನ್ನು ಒಂದೊಂದು ಅಳತೆಯಲ್ಲಿ ಮಾಡಿದ. ನನ್ನ ನಾದಿನಿಯೊಬ್ಬಳಲ್ಲೇ ಎರಡು ಅಳತೆ ಮಾಡಿದ. ಅವನಿಗೆ ಲೆಕ್ಕ ಬರುತ್ತಿರಲಿಲ್ಲ ಎಂದು ನಿಮ್ಮ ಕಚೇರಿಯ ಅಭಿಪ್ರಾಯವೇ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಹಾಸಿಗೆಯ ಅಳತೆಗೆ ಕಾಲು ಕೊಯ್ದುಕೋ ಎಂದು ಯಾವ ಹಿರಿಯರೂ ಹೇಳಲಿಲ್ಲ.

ನೀರು ಕುಡಿಯುತ್ತ ಕೂತಿದ್ದಾಗ ಗೋಡೆಯ ಮೇಲಿನ ದೊಡ್ಡ ಚಿತ್ರ ಕಂಡಿತು. ಹಾದಿಯ ಉದ್ಘಾಟನೆಯದು. ಕೊರಳಲ್ಲಿ ಹಾರ ಹಾಕಿಕೊಂಡು ನೀವು ನಿಮ್ಮ ಕಚೇರಿಯದೇ ಸೈಕಲ್ ಮೇಲೆ ಕೂತಿದ್ದೀರಿ. ನೀವು ಎತ್ತರದ ಆಳು, ದೇವರು ನಿಮಗೆ ಧಾರಾಳವಾಗಿ ಕಾಲು ಕೊಟ್ಟಿದ್ದಾನೆ. ಮಂಡಿಗಳು ಹೆಚ್ಚುಕಡಿಮೆ ಹಾರಕ್ಕೆ ತಾಗುತ್ತಿವೆ. ಹಿಂದೆ ಯಾರದೋ ಕೈ ಸೀಟನ್ನು ಹಿಡಿದಿದೆ, ಕೈಯ ಒಡೆಯನನ್ನು ಚಿತ್ರದಿಂದ ಕತ್ತರಿಸಿದ್ದಾರೆ. ಮುಖದಲ್ಲಿ ನಗುವಿದೆ, ಆದರೆ ಅದು ನಗುವಲ್ಲ ಎಂದು ದೂರ ಸೈಕಲ್ ತುಳಿದ ಯಾರಿಗಾದರೂ ಗೊತ್ತಾಗುತ್ತದೆ. ಅದು ಮಂಡಿನೋವು. ನನಗೆ ಮೊದಲು ನಗು ಬಂತು, ಆಮೇಲೆ ನಿಜವಾಗಿಯೂ ಪಾಪ ಅನ್ನಿಸಿತು. ಆ ಸೀಟು ನಿಮಗೂ ಆಗಿಲ್ಲ! ನೋವು ನಿಮಗೂ ಗೊತ್ತು. ಗೊತ್ತಿದ್ದೂ, ಇಳಿದು ಜೀಪು ಹತ್ತಿಬಿಟ್ಟಿರಿ. ನನ್ನ ನಾದಿನಿಗೆ ಹತ್ತಲು ಜೀಪಿಲ್ಲ.

ಹೊರಗಿನ ಸೈಕಲ್ ಸುರಕ್ಷಿತವಲ್ಲ ಎಂದು ನಿಮ್ಮ ಗುಮಾಸ್ತರು ಕೊನೆಯಲ್ಲಿ ಒಂದು ಮಾತು ಸೇರಿಸಿದರು. ಆಗಬಹುದು. ನಮ್ಮ ಬ್ರೇಕು ಹಿಡಿದು ನೋಡಿ, ಬೆಲ್ಲು ಬಾರಿಸಿ ನೋಡಿ, ಚೀಲ ಬಿಚ್ಚಿ ನೋಡಿ. ಒಂದು ಜೊತೆ ಬಟ್ಟೆ, ಪಂಪು, ಪಂಕ್ಚರ್ ಸಾಮಾನು, ಬುತ್ತಿ ಬಿಟ್ಟರೆ ಬೇರೇನೂ ಇಲ್ಲ. ನೋಡಿ, ಆಮೇಲೆ ಬಿಡಿ. ಬಾಡಿಗೆ ಸೈಕಲ್ ಬೇಕಾದವರು ಬಾಡಿಗೆಗೆ ತೆಗೆದುಕೊಳ್ಳಲಿ, ಅವರ ಮಂಡಿ ಅವರಿಗೆ ಸೇರಿದ್ದು. ಆದರೆ ಅವರಿಗಾಗಿಯಾದರೂ ಆ ವೆಲ್ಡನ್ನು ಕೊಯ್ಯಿಸಿ. ಕಳ್ಳ ಸಿಕ್ಕಲಿಲ್ಲವೆಂದು ಊರಿಗೆಲ್ಲ ಶಿಕ್ಷೆ ಕೊಡುವುದು ಯಾವ ನ್ಯಾಯ? ನಾನು ಕೇಳುತ್ತಿರುವುದು ಬೋರ್ಡಿನ ಎರಡೂ ಸಾಲುಗಳನ್ನು ಅಳಿಸಿ ಎಂದು. ಇದು ಬೇಡಿಕೆಯೇ ಹೊರತು ಬೇಡುವುದಲ್ಲ. ಬೇಡುವುದೇನಿದ್ದರೂ ದೇವರ ಹತ್ತಿರ ಇಟ್ಟುಕೊಂಡಿದ್ದೇನೆ, ಅವನ ಕಚೇರಿಯಲ್ಲಿ ಹೊರಗಿನವರು ಒಳಗಿನವರು ಎಂಬುದಿಲ್ಲ.

ಒಂದು ವಿಷಯ ನಿಮಗೆ ತಿಳಿದಿರಲಿ. ನನ್ನ ಯಜಮಾನರು ಮೇಜಿನ ಗಿಡ್ಡ ಕಾಲಿಗೆಂದು ಬೇರೆಯೇ ಒಂದು ತುಂಡು ಕೊಯ್ದು, ಮರಳುಕಾಗದ ಉಜ್ಜಿ, ಕಿಟಕಿಯ ಮೇಲೆ ಇಟ್ಟಿದ್ದಾರೆ. ತಂಗಿಗೆ ಏನೂ ಹೇಳಿಲ್ಲ. ಅವಳೂ ದಿನಾ ಅದನ್ನು ನೋಡಿಕೊಂಡೇ ಗಂಟು ಹೊತ್ತು ಹೊರಡುತ್ತಾಳೆ. ನಿನ್ನೆ ಮಾತ್ರ ಅಂಗಡಿ ಗುಡಿಸುತ್ತ ಅದನ್ನೆತ್ತಿ, ಕೆಳಗಿನ ಧೂಳು ಒರೆಸಿ, ಮತ್ತೆ ಅಲ್ಲೇ ಇಟ್ಟಳು. ಮೇಜಿನ ಕೆಳಗಿನ ಪೆಡಲ್ ತುಂಡು ತೆಗೆದು ಅಲ್ಲಿ ಇದನ್ನು ತಳ್ಳಲು ನಮಗೆ ಒಂದು ನಿಮಿಷ ಸಾಕು. ಬೋರ್ಡಿನ ಎರಡು ಸಾಲಿಗೆ ಬಣ್ಣ ಬಳಿಯಲು ನಿಮಗೆ ಎಷ್ಟು ದಿನ ಬೇಕು, ಅದನ್ನು ಹೇಳಿ.

ಇಂತಿ,
ನಿಮ್ಮ ಸರಾಸರಿಗೆ ಎಟುಕದ ಇಬ್ಬರಲ್ಲಿ ಹಿರಿಯವಳು,
ಗಾಳಿಯ ಅತ್ತಿಗೆ
(ಲಾಂಡ್ರಿ ಅಂಗಡಿ, ಬೀದಿಯಲ್ಲಿ ಯಾವ ಮಗುವನ್ನು ಕೇಳಿದರೂ ತೋರಿಸುತ್ತದೆ. ಸೈಕಲ್ ಮೇಲೆ ಬಂದರೆ ಬೇಗ ಸಿಗುತ್ತದೆ.)