ಬೆಲ್ಟು ಮರಳಿ ಬಂತು

ಕುಮಾಸಿ
೧೪ ಜುಲೈ ೧೯೩೪

ಅಬೆನಾ ಅಕ್ಕನಿಗೆ, ತಮ್ಮ ಕ್ವಾಕು ಮಾಡುವ ನಮಸ್ಕಾರಗಳು.

ಕಾಗದ ತಡವಾಯಿತು, ಬೈಯಬೇಡ. ಬರೆಯಲು ಮುಖವಿರಲಿಲ್ಲ. ನಿನ್ನ ಮಗ ಬಾಫೋನ ಸುದ್ದಿ ಲಾರಿಯವರ ಬಾಯಿಂದ ಅರ್ಧ ತಲುಪಿರಬೇಕು. ಉಳಿದರ್ಧ ನಾನು ಹೇಳುತ್ತೇನೆ.

ಹೋದ ತಿಂಗಳು ಸಂತೆಯಲ್ಲಿ ಪೊಲೀಸು ಕಾವಲಿಗೆ ನಿಂತವನು ಕಂಠಪೂರ್ತಿ ಕುಡಿದು, ಬಾಳೆಕಾಯಿ ಮಾರುವ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಕವಾಯತು ಮಾಡಿಸಿದ. ಮೊದಮೊದಲು ಸಂತೆಗೆ ಸಂತೆಯೇ ನಕ್ಕಿತು. "ಲೇ ಹುಡ್ಗ, ಹೋಗಿ ನಿನ್ ಹೆಂಡ್ತೀನ ಕುಣ್ಸೋ!" ಎಂದು ಒಬ್ಬ ಮುದುಕಿ ಅಂದದ್ದೇ ತಡ, ಲಾಠಿ ಬೀಸಿ ಅವಳ ಮೊಣಕೈ ಮುರಿದ. ನಮ್ಮ ಠಾಣೆಯ ಬಿಳಿ ದೊರೆ ಅವನ ಟೋಪಿ, ಬೆಲ್ಟು ಕಿತ್ತುಕೊಂಡು ಲಾಕಪ್ಪಿಗೆ ತಳ್ಳಿಸಿದರು. ಆ ಠಾಣೆಗೆ ಸಾರ್ಜೆಂಟು ನಾನೇ, ಬೀಗ ಹಾಕಿದವನೂ ನಾನೇ.

ಸೋದರಮಾವನಾದ ಮೇಲೆ ಸುಮ್ಮನಿರಲಾದೀತೇ? ಹಿರಿಯರನ್ನು ಕರೆದುಕೊಂಡು ಮುದುಕಿಯ ಮನೆಗೆ ಹೋಗಿ, ಹೆಗಲ ವಸ್ತ್ರ ಇಳಿಸಿ, ಚಪ್ಪಲಿ ಬಿಟ್ಟು ಕ್ಷಮೆ ಬೇಡಿದೆವು. "ಹೊಡ್ದಿದ್ದು ಹೆಂಡ, ಹುಡ್ಗ ಅಲ್ಲ. ಹೋಗ್ಲಿ ಬಿಡಿ" ಅಂದಳು. ದೊಡ್ಡ ಮನಸ್ಸು. ಆಮೇಲೆ ಬಾಫೋನನ್ನು ಕರೆದುಕೊಂಡು ದೊರೆಯ ಮುಂದೆಯೂ ಹಾಗೆಯೇ ನಿಂತೆವು.

ಕ್ಷಮೆ ಬೇಡುವವನು ಒಂದನ್ನೂ ಮುಚ್ಚಿಡಬಾರದು, ಕ್ಷಮೆ ಸಿಕ್ಕ ಮೇಲೆ ಆ ಮಾತನ್ನು ಯಾರೂ ಮತ್ತೆ ಎತ್ತಬಾರದು. ನೀನು ಅವನಿಗೆ ಕಲಿಸಿದ್ದೂ ಇದನ್ನೇ. ಬಾಫೋ ಎಲ್ಲ ಹೇಳಿದ. "ನಿಜ ಹೇಳ್ದೆ, ಭೇಷ್" ಎಂದು ದೊರೆ ಬೆಲ್ಟು ಮರಳಿ ಕೊಟ್ಟರು. ಹುಡುಗ ಅತ್ತೇಬಿಟ್ಟ. "ಮಾವಾ, ಇನ್ಮೇಲೆ ಒಂದ್ ತೊಟ್ಟೂ ಮುಟ್ಟಲ್ಲ" ಅಂದ. ಅವನ ಕೆಲಸ ಉಳಿಯಿತು ಅಕ್ಕ, ನನಗೆ ಮಾತ್ರ ಸಂತೋಷವಾಗಲಿಲ್ಲ.

ನಮ್ಮ ಹಿರಿಯರ ಆತ್ಮಗಳು ನಿನ್ನನ್ನು ಕಾಯಲಿ.

ನಿನ್ನ ತಮ್ಮ
ಕ್ವಾಕು ಬೆಂಪಾ

ಸಹಿ ಹಾಕಿದ ಮೇಲೆ ಬರೆಯುತ್ತಿದ್ದೇನೆ. ಮೇಲೆ ಬರೆಯಲು ಕೈ ಬರಲಿಲ್ಲ. "ಆ ಸಾರಾಯಿ ಎಲ್ಲಿಂದ ಬಂತು?" ಎಂದು ದೊರೆ ಕೇಳಿದ್ದರು. "ನಮ್ಮಮ್ಮ ಕಾಯ್ಸಿದ್ದು, ಊರಿಂದ ಶೀಶೇಲಿ ತಂದೆ" ಅಂದ ನಿನ್ನ ಮಗ. ಕ್ಷಮೆ ಸಿಕ್ಕಿತು, ಅಲ್ಲಿಗೆ ಮುಗಿಯಿತು ಎಂದು ಅವನು ತಿಳಿದಿದ್ದಾನೆ. ದೊರೆಗೆ ಅಲ್ಲಿಂದಲೇ ಶುರು. ಕಳ್ಳಭಟ್ಟಿ ಹಿಡಿಯಲು ಗುರುವಾರ ನಿಮ್ಮ ಊರಿಗೆ ಪೊಲೀಸರು ಬರುತ್ತಾರೆ. ಗಡಿಗೆ, ತಾಮ್ರದ ಕೊಳವೆ ಎಲ್ಲ ಹೊಳೆಗೆ ಎಸೆ. ಈ ಕಾಗದ ಸುಟ್ಟುಬಿಡು, ಇಲ್ಲದಿದ್ದರೆ ನನ್ನ ಕೆಲಸವೂ ಹೋದೀತು. ದಾರಿ ತೋರಿಸಲು ಬಾಫೋನನ್ನೇ ನೇಮಿಸಿದ್ದಾರೆ. ಯಾತಕ್ಕೆಂದು ಅವನಿಗೆ ಇನ್ನೂ ಹೇಳಿಲ್ಲ, ನನ್ನಿಂದಲೂ ಹೇಳಲಾಗಲಿಲ್ಲ. ಊರಿಗೆ ಕಳಿಸುತ್ತಿದ್ದಾರೆಂದು ಹಿಗ್ಗಿ, ಅಮ್ಮನಿಗೆ ತೋರಿಸಬೇಕೆಂದು ಬೆಲ್ಟಿನ ಹಿತ್ತಾಳೆ ಉಜ್ಜುತ್ತಾ ಕುಳಿತಿದ್ದಾನೆ.