ಹದ್ದುಗಲ್ಲು ಇಟ್ಟ ಗುಂಡಿ

೧೦ ಮೇ, ಶನಿವಾರ. ಬೆಳಿಗ್ಗೆ. ಕಾಪು

ಇಡ್ಲಿ ತಿಂದು ಮತ್ತೆ ಅದೇ ಬಂಡೆಗೆ. ಲುಂಬಿನಿಗೆ ಮರಳು ಬೇಡ, ಐಸ್‌ಕ್ರೀಂ ಬೇಡ. ಲೈಟ್‌ಹೌಸಿನ ಕೆಳಗೆ ಬಂಡೆಗಳ ನಡುವಿನ ನೀರಿನ ಗುಂಡಿಗಳೇ ಬೇಕು. ನಿನ್ನೆ ಬಸ್ಸಿಳಿದಾಗಿನಿಂದ ಅದರಲ್ಲೇ ಬಗ್ಗಿದ್ದಾಳೆ. ಬೆರಳುದ್ದದ ಮೀನು, ಶಂಖ ಹೊತ್ತು ಓಡುವ ಏಡಿ, ಮುಟ್ಟಿದರೆ ಮುಚ್ಚಿಕೊಳ್ಳುವ ಹೂವಿನಂಥದ್ದೇನೋ... ಹೆಸರು ಯಾರಿಗೆ ಗೊತ್ತು.

ಇವರಂತೂ ಶಹಾಬಾದಿನ ಪರಸಿ ಕಲ್ಲಿನ ಖಣಿ ಬಿಟ್ಟು ಬಂದರೂ ಕಲ್ಲನ್ನೇ ತಟ್ಟಿ ನೋಡುತ್ತಿದ್ದಾರೆ. “ಇದು ಪದರ ಬಿಡಾಂಗಿಲ್ಲ ನೋಡು ಭಾಗ್ಯ. ದಂಡ ಕಲ್ಲು.” ಸಮುದ್ರ ನೋಡಲು ಬಂದ ಗಂಡಸು!

ಒಂದು ಗುಂಡಿ ಲುಂಬಿನಿಯದೇ ಎಂದು ತೀರ್ಮಾನವಾಯಿತು. ಏಡಿ ಹಿಡಿದು ಅದರಲ್ಲಿ ಬಿಟ್ಟಳು. ಇವರು ಸುತ್ತ ಹದ್ದುಗಲ್ಲು ನಿಲ್ಲಿಸಿದರು, ನಮ್ಮೂರಲ್ಲಿ ಖಣಿ ಹಿಡಿದವರು ಇಡುವ ಹಾಗೆ. ಆ ಕಲ್ಲು ದಾಟಿ ಯಾರೂ ಕೈ ಹಾಕುವುದಿಲ್ಲ. ಗುರುತಿಗೆ ಅವಳ ಕೆಂಪು ಚಪ್ಪಲಿಯನ್ನೂ ಅಲ್ಲೇ ಬಿಟ್ಟೆವು.

“ಅವ್ವಾ, ಜಳಕ ಮಾಡಿ ಬರೂತನಕ ಇರ್ತದ?”

“ಎಲ್ಲಿ ಹೋಗ್ತದ? ಕಲ್ಲಾಗಿನ ನೀರು ಕಲ್ಲಾಗೇ ಇರ್ತದ.”

ನಮ್ಮ ಹಳೇ ಖಣಿಗಳಲ್ಲಿ ನಡುಬೇಸಿಗೆಯಲ್ಲೂ ನಿಂತಿರುತ್ತದಲ್ಲ. ಅದೇ ಧೈರ್ಯ.

ಅದೇ ದಿನ, ಮಧ್ಯಾಹ್ನ

ಹೋಯಿತು. ಗುಂಡಿ, ಕಲ್ಲು, ಏಡಿ, ಚಪ್ಪಲಿ — ಎಲ್ಲ. ಬಂಡೆಯೇ ಕಾಣಲಿಲ್ಲ. ಅದಿದ್ದ ಕಡೆ ಬರೀ ಸಮುದ್ರ.

ಚುರುಮುರಿ ಮಾರುವಾಕೆ ನಮ್ಮನ್ನು ನೋಡಿ ನಕ್ಕಳು. “ಭರತ ಅಲ್ವಾ ಈಗ? ದಿನಕ್ಕೆರಡು ಸಲ ಏರ್ತದೆ, ಇಳೀತದೆ. ಸಂಜೆ ಬನ್ನಿ, ಗುಂಡಿ ಅಲ್ಲೇ ಸಿಗ್ತದೆ.”

ನಮಗೇನು ಗೊತ್ತು. ನಮ್ಮ ಕಾಗಿಣಾ ಹೊಳೆ ಏರುವುದು ಮಳೆಗಾಲಕ್ಕೆ, ಅದೂ ಮನಸ್ಸು ಬಂದರೆ.

ಲುಂಬಿನಿ ಅಳಲಿಲ್ಲ. ನನ್ನ ಮುಖ ನೋಡಿದಳು. “ಇರ್ತದ ಅಂದಿದ್ದಿ.”

ಈ ನೋಟಕ್ಕೇ ನಾನು ಹೆದರಿದ್ದು. ಅವಳಿಗೆ ಇನ್ನೂ ಹೇಳಿಲ್ಲ. ಜೂನಿನಿಂದ ಶಾಲೆ ಸೇಡಂನಲ್ಲಿ, ಅವಳಪ್ಪನ ಮನೆಯಿಂದ. ಅವಳಪ್ಪ ಅಜಯಕುಮಾರ ಇವರ ತಮ್ಮ. ಹೆರಿಗೆಯಲ್ಲಿ ಹೆಂಡತಿ ಹೋದಾಗ ಕೂಸನ್ನು ನನ್ನ ಮಡಿಲಿಗೆ ಹಾಕಿದ. ಈಗ ಮತ್ತೆ ಮದುವೆಯಾಗಿದ್ದಾನೆ. ಮಗಳು ಬೇಕಂತೆ. ಅವನ ಮಗಳೇ, ಇಲ್ಲ ಎನ್ನಲು ನಾನ್ಯಾರು? ಹೆತ್ತವಳಲ್ಲ, ಸಾಕಿದವಳು. ಕೊಡುವ ಮುಂಚೆ ಒಮ್ಮೆ ಸಮುದ್ರ ತೋರಿಸೋಣ ಎಂದು ಇವರೇ ಹೊರಡಿಸಿದ್ದು.

ಅದೇ ದಿನ, ಸಂಜೆ

ಗುಂಡಿ ಸಿಕ್ಕಿತು. ಹದ್ದುಗಲ್ಲುಗಳು ಚೆಲ್ಲಾಪಿಲ್ಲಿ. ಏಡಿ ಇಲ್ಲ. ಚಪ್ಪಲಿ ಇಲ್ಲ.

ಅಲ್ಲೇ ಕೂತು ಹೇಳಿಬಿಟ್ಟೆ. ಇವರು ದೂರ ಹೋಗಿ ನಿಂತರು.

“ಸೇಡಂಕ್ಕ ಹೋದ್ರ ವಾಪಸ್ ಯಾವಾಗ ಬರೋದು?”

“ಸೂಟಿಗೊಮ್ಮೆ ಬರ್ತಿ. ನಾ ಎಲ್ಲಿ ಹೋಗ್ತೀನಿ? ನಿಮ್ಮವ್ವ ನಿಮ್ಮವ್ವನೇ.”

ಗುಂಡಿಯನ್ನೇ ನೋಡುತ್ತಿದ್ದಳು.

೩೦ ಮೇ, ಶುಕ್ರವಾರ

ಬಿಟ್ಟು ಬಂದೆವು.

ಅಜಯನ ಹೊಸ ಹೆಂಡತಿ... ಅವಳ ಹೆಸರು ಇಲ್ಲಿ ಬರೆಯುವುದಿಲ್ಲ. ನನ್ನ ಡೈರಿ, ನನ್ನ ಇಷ್ಟ. ಹುಡುಗಿಗೆ ಹೊಸ ಬ್ಯಾಗು, ಹೊಸ ಚಪ್ಪಲಿ, ಅದೂ ಕೆಂಪು, ತಂದಿಟ್ಟಿದ್ದಳು. “ಉಂಡೇ ಹೋಗ್ರಿ ಅಕ್ಕ” ಎಂದು ಬಾಗಿಲಿಗೆ ಅಡ್ಡ ನಿಂತಳು. ಕೆಟ್ಟವಳಾಗಿದ್ದರೆ ಎಷ್ಟು ಸುಲಭವಿತ್ತು. ಬೈದುಕೊಂಡಾದರೂ ಇರುತ್ತಿದ್ದೆ.

ಹೊರಡುವಾಗ ಅಜಯ ನೆಲ ನೋಡುತ್ತ ಹೇಳಿದ. “ವೈನಿ, ಇನ್ನ ಮ್ಯಾಲ ನಿಮಗ ದೊಡ್ಡವ್ವ ಅನ್ಲಿ. ಇಲ್ಲಾಂದ್ರ ಹುಡುಗಿಗಿ ಗಡಬಡ ಆಗ್ತದ.”

“ಹೌದು, ಖರೇ ಅದ” ಎಂದೆ. ನ್ಯಾಯವಾಗಿಯೇ ಇತ್ತು ಮಾತು. ರೈಲಿನಲ್ಲಿ ವಾಡಿ ದಾಟುವವರೆಗೂ ಇವರು ನನ್ನ ಕಡೆ ನೋಡಲಿಲ್ಲ, ನಾನು ಇವರ ಕಡೆ ನೋಡಲಿಲ್ಲ.

೧೬ ಜೂನ್

ಬೆಳಿಗ್ಗೆ ಎಣ್ಣೆ, ಬಾಚಣಿಗೆ ಹಿಡಿದು ಹೊಸ್ತಿಲಲ್ಲಿ ಕೂತೆ. ಯಾರ ತಲೆ ಬಾಚಲು? ಎದ್ದು ಒಳಗೆ ಬಂದೆ. ಎದೆ ಒಡೆದುಹೋಗಿದೆ. ಇದಕ್ಕಿಂತ ಬೇರೆ ಮಾತು ಬರುವುದಿಲ್ಲ ನನಗೆ.

೨೪ ಸೆಪ್ಟೆಂಬರ್, ಬುಧವಾರ

ದಸರಾ ಸೂಟಿ ಶುರುವಾಗಿದೆ. ಶೇಂಗಾ ಹೋಳಿಗೆ ಮಾಡಿಟ್ಟಿದ್ದೆ. ಇವರು ನಾಳೆ ಹೋಗಿ ಕರೆತರುವುದೆಂದು ಮಾತಾಗಿತ್ತು.

ಈಗ ಫೋನ್ ಬಂತು. ಲುಂಬಿನಿಯದೇ.

“ದೊಡ್ಡವ್ವಾ, ನಾ ಈ ಸೂಟಿಗಿ ಬರಾಂಗಿಲ್ಲ. ನಾವು ಸಮುದ್ರಕ್ಕ ಹೊಂಟೀವಿ. ಅವ್ವ—”

“ಹ್ಞೂಂ, ಹೇಳವ್ವ” ಎಂದೆ. ನನ್ನನ್ನೇ ಕರೆದಳು ಎಂದುಕೊಂಡು.

“—ಅವ್ವ ಗುಂಡಿ ನೋಡೇ ಇಲ್ಲಂತ. ಅಕಿಗಿ ನಾನೇ ತೋರಿಸ್ತೀನಿ. ಅದು ಯಾವೂರು? ಮರ್ತೀನಿ.”

“ಕಾಪು” ಎಂದೆ. “ಲೈಟ್‌ಹೌಸಿನ ಕೆಳಗ. ನೀರು ಇಳಿದಾಗ ಹೋಗ್ರಿ. ಯಾವಾಗ ಇಳೀತದಂತ ಚುರುಮುರಿ ಮಾರೋ ಅಕ್ಕಗ ಕೇಳ್ರಿ. ಏರಾಕತ್ತಿತು ಅಂದ್ರ ಅವ್ವನ ಕೈ ಹಿಡಿ.”

ಎಷ್ಟು ಸಲೀಸಾಗಿ ಹೇಳಿದೆ. ಅವ್ವನ ಕೈ ಹಿಡಿ ಎಂದು. ನಾನೇ.

“ಭಾಳ ಮಜಾ ಬರ್ತದ” ಎಂದು ಇಟ್ಟಳು. ದನಿ ಖುಷಿಯಾಗಿತ್ತು. ಖುಷಿಯಾಗಿರಲಿ. ಹೋಳಿಗೆ ಡಬ್ಬಿಯ ಮುಚ್ಚಳ ಹಾಕಿ ಮೇಲಿಟ್ಟೆ.

ಆಮೇಲೆ ನೆನಪಾಯಿತು. ಚಪ್ಪಲಿ ಬಂಡೆಯ ಮೇಲೆ ಬಿಡಬೇಡ ಎನ್ನುವುದು ಮರೆತೆ. ಮತ್ತೆ ಫೋನ್ ಮಾಡಲೇ? ಅವಳೇ ಎತ್ತಿದರೆ ಸರಿ. ಅವಳವ್ವ ಎತ್ತಿ ಯಾರು ಎಂದು ಕೇಳಿದರೆ, ನಾನು ಅವಳ...